ಜಾಝ್ ಆಲ್ಬಂಗಳು, ಸ್ಟ್ಯಾಂಡರ್ಡ್ ಹಾಡುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ಹೆಚ್ಚಾಗಿ 1930ರಿಂದ 1960ರ ದಶಕದವರೆಗಿನ ಅಮೆರಿಕದ ಜಾಝ್ ರೆಕಾರ್ಡುಗಳ ಬಗ್ಗೆ. 'ಕೇಳಲೇಬೇಕಾದ ನೂರು ಆಲ್ಬಂ' ಥರದ ಪಟ್ಟಿ ಇಲ್ಲಿ ಸಿಗುವುದಿಲ್ಲ. ಅಂಥವು ಬೇಕಾದಷ್ಟಿವೆ. ಅವನ್ನು ಹಿಡಿದು ಕೂತವರು ಹತ್ತನೇ ಆಲ್ಬಂ ಹೊತ್ತಿಗೆ ಸುಸ್ತಾಗುವುದೂ ಮಾಮೂಲು. ನನ್ನ ಸಲಹೆ ಇಷ್ಟೇ: ಆಲ್ಬಂಗಳ ಬೆನ್ನು ಹತ್ತಬೇಡಿ, ಒಂದು ಹಾಡಿನ ಬೆನ್ನು ಹತ್ತಿ. ಯಾಕೆ ಅನ್ನುವುದು ಮುಂದೆ ಬರುತ್ತದೆ.

'ಸ್ಟ್ಯಾಂಡರ್ಡ್' ಅಂತ ಯಾವ ಹಾಡನ್ನು ಕರೆಯುತ್ತಾರೆ?

ಜಾಝ್ ನುಡಿಸುವವರಿಗೆಲ್ಲ ಗೊತ್ತಿರುವ ಹಾಡನ್ನು. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ನಾಲ್ವರು ವೇದಿಕೆ ಹತ್ತಿ, ಹಾಡಿನ ಹೆಸರು ಮತ್ತು ಶ್ರುತಿ ಹೇಳಿಕೊಂಡು, ವೇಗಕ್ಕೆ ಚಿಟಿಕೆ ಹಾಕಿ ಶುರು ಮಾಡಿಬಿಡಬಹುದು. ರಿಹರ್ಸಲ್ ಬೇಕಿಲ್ಲ.

ಇದರಲ್ಲಿ ಎರಡು ಬಗೆ ಇದೆ. ಒಂದು, ಸಂಗೀತ ನಾಟಕ ಮತ್ತು ಸಿನಿಮಾಗಳಿಂದ ಬಂದ ಜನಪ್ರಿಯ ಹಾಡುಗಳು. ಇನ್ನೊಂದು, ಜಾಝ್‌ನವರೇ ಕಟ್ಟಿದ್ದು. ಡ್ಯೂಕ್ ಎಲಿಂಗ್ಟನ್ ಅವರ 'ಮೂಡ್ ಇಂಡಿಗೊ', ಥೆಲೋನಿಯಸ್ ಮಂಕ್ ಅವರ ''ರೌಂಡ್ ಮಿಡ್‌ನೈಟ್' ಈ ಎರಡನೇ ಬಗೆಯವು. ಈ ಪುಟದಲ್ಲಿ ಮೊದಲನೇ ಬಗೆಯದ್ದೇ ಮಾತು ಜಾಸ್ತಿ.

ಈ ಹಾಡುಗಳನ್ನು ಬರೆದವರು ಯಾರು?

ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಗಳಿಗೆ, ಆಮೇಲೆ ಹಾಲಿವುಡ್‌ಗೆ ಹಾಡು ಬರೆಯುತ್ತಿದ್ದ ವೃತ್ತಿಪರರು. ಜಾರ್ಜ್ ಗರ್ಶ್ವಿನ್, ಜೆರೋಮ್ ಕರ್ನ್, ಕೋಲ್ ಪೋರ್ಟರ್, ಅರ್ವಿಂಗ್ ಬರ್ಲಿನ್, ಹೆರಾಲ್ಡ್ ಆರ್ಲೆನ್, ರಿಚರ್ಡ್ ರಾಜರ್ಸ್ ಮತ್ತು ಲೊರೆಂಜ್ ಹಾರ್ಟ್ ಜೋಡಿ. ಇವರಲ್ಲಿ ಯಾರೂ ಜಾಝ್ ಕಲಾವಿದರಲ್ಲ. ತಮ್ಮ ಹಾಡನ್ನು ಮುಂದೆ ಯಾರೋ ಹದಿಮೂರು ನಿಮಿಷ ಎಳೆದು ನುಡಿಸುತ್ತಾರೆ ಅಂತ ಅಂದುಕೊಂಡು ಬರೆದವರೂ ಅಲ್ಲ.

ನಾಟಕ ಬಿದ್ದು ಹೋದರೂ ಹಾಡು ಉಳಿದ ಉದಾಹರಣೆಗಳು ಬಹಳ. ಕರ್ನ್ ಅವರ 'ಆಲ್ ದ ಥಿಂಗ್ಸ್ ಯು ಆರ್' 1939ರ ಒಂದು ನಾಟಕದ್ದು. ಆ ನಾಟಕ ಎರಡು ತಿಂಗಳೂ ಓಡಲಿಲ್ಲ. ಹಾಡನ್ನು ಮಾತ್ರ ಇವತ್ತಿಗೂ ಜಾಝ್ ಕಲಿಯುವವರೆಲ್ಲ ಕಲಿಯುತ್ತಾರೆ. ಅದರಲ್ಲಿ ಶ್ರುತಿ ಅಷ್ಟು ಸಲ ಜಾಗ ಬದಲಿಸುತ್ತದೆ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಎಲ್ಲವೂ ಅಮೆರಿಕದ್ದೇ ಅಂತ ಅಂದುಕೊಳ್ಳಬೇಡಿ. 'ಆಟಮ್ ಲೀವ್ಸ್' ಮೂಲತಃ ಫ್ರೆಂಚ್ ಹಾಡು. ರಾಗ ಹಾಕಿದವರು ಹಂಗೇರಿಯಲ್ಲಿ ಹುಟ್ಟಿದ ಜೋಸೆಫ್ ಕೊಸ್ಮಾ, ಸಾಹಿತ್ಯ ಕವಿ ಜಾಕ್ ಪ್ರೆವೆರ್ ಅವರದು. 'ಮ್ಯಾಕ್ ದ ನೈಫ್' 1928ರ ಜರ್ಮನ್ ನಾಟಕದಿಂದ ಬಂತು.

ಎಲ್ಲರೂ ಅವೇ ಹಾಡುಗಳನ್ನು ಯಾಕೆ ರೆಕಾರ್ಡ್ ಮಾಡಿದರು? ಹೊಸದು ಹೊಳೆಯಲಿಲ್ವಾ?

ಹೊಳೆಯಿತು, ಬೇಕಾದಷ್ಟು ಬರೆದರು. ಆದರೆ ಹಳೆಯ ಹಾಡು ಹಿಡಿಯಲು ಗಟ್ಟಿ ಕಾರಣಗಳಿದ್ದವು.

ಮೊದಲನೆಯದು ಕಾನೂನು. ಅಮೆರಿಕದ 1909ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಒಂದು ಹಾಡು ಒಮ್ಮೆ ರೆಕಾರ್ಡ್ ಆಗಿ ಬಂದ ಮೇಲೆ ಬೇರೆ ಯಾರು ಬೇಕಾದರೂ ಅದನ್ನು ಮತ್ತೆ ರೆಕಾರ್ಡ್ ಮಾಡಬಹುದಿತ್ತು. ಹಾಡು ಬರೆದವರು ಬೇಡ ಅನ್ನುವ ಹಾಗಿರಲಿಲ್ಲ. ರೆಕಾರ್ಡಿನ ಒಂದೊಂದು ಪ್ರತಿಗೆ 2 ಸೆಂಟ್ ಕೊಟ್ಟರೆ ಮುಗಿಯಿತು. ಈ ದರ 1978ರವರೆಗೂ ಬದಲಾಗಲಿಲ್ಲ. ಒಂದೇ ಹಾಡಿಗೆ ನೂರಾರು ರೆಕಾರ್ಡಿಂಗ್ ಇರುವುದಕ್ಕೆ ಈ ಒಣ ಕಾನೂನು ದೊಡ್ಡ ಕಾರಣ. ಸಂಗೀತದ ಇತಿಹಾಸ ಹೇಳುವವರು ಯಾಕೋ ಇದನ್ನು ಮರೆತುಬಿಡುತ್ತಾರೆ.

ಎರಡನೆಯದು ಸಮಯ ಮತ್ತು ದುಡ್ಡು. ವಾದ್ಯಗಾರರ ಯೂನಿಯನ್ ಲೆಕ್ಕದಲ್ಲಿ ಒಂದು ರೆಕಾರ್ಡಿಂಗ್ ಸೆಶನ್ ಅಂದರೆ ಮೂರು ಗಂಟೆ. ಎಲ್ಲರಿಗೂ ಗೊತ್ತಿರುವ ಹಾಡಾದರೆ ತಕ್ಷಣ ಕೆಲಸಕ್ಕೆ ಇಳಿಯಬಹುದು.

ಮೂರನೆಯದು ಕೇಳುಗರು. ಹಾಡು ಮೊದಲೇ ಗೊತ್ತಿದ್ದರೆ ತಾನೇ ಕಲಾವಿದ ಅದನ್ನು ಎಲ್ಲಿ ತಿರುಗಿಸಿದ ಅಂತ ಗೊತ್ತಾಗುವುದು? ನಮ್ಮಲ್ಲಿ ಹೆಚ್ಚಿನವರಿಗೆ ಈ ಹಾಡುಗಳು ಮೊದಲೇ ಗೊತ್ತಿರುವುದಿಲ್ಲ. ಜಾಝ್ ಒಗಟಿನಂತೆ ಕೇಳಿಸುವುದು ಅದಕ್ಕೇ. ತಪ್ಪು ಕಿವಿಯದಲ್ಲ. ಮೊದಲು ಒಬ್ಬ ಗಾಯಕಿ ನೇರವಾಗಿ ಹಾಡಿದ್ದನ್ನು ಕೇಳಿ, ಆಮೇಲೆ ವಾದ್ಯದವರ ಹತ್ತಿರ ಹೋಗಿ.

ಧಾಟಿ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಏನು ನಡೆಯುತ್ತಿರುತ್ತದೆ?

ಅದೇ ಹಾಡು ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ಇಷ್ಟು ತಿಳಿದರೆ ಅರ್ಧ ಜಾಝ್ ತಿಳಿದ ಹಾಗೆ.

ಹೆಚ್ಚಿನ ಸ್ಟ್ಯಾಂಡರ್ಡ್‌ಗಳು 32 ಬಾರ್‌ಗಳವು. ಬಾರ್ ಅಂದರೆ ತಾಳದ ಒಂದು ಅಳತೆ, ಹೆಚ್ಚಾಗಿ ನಾಲ್ಕು ಎಣಿಕೆ. ಎಂಟೆಂಟು ಬಾರ್‌ನ ನಾಲ್ಕು ತುಂಡು. ಮೊದಲ ತುಂಡು ಎರಡು ಸಲ ಬರುತ್ತದೆ. ಆಮೇಲೆ ಧಾಟಿ ಬದಲಾಗುವ 'ಬ್ರಿಜ್', ಕೊನೆಗೆ ಮತ್ತೆ ಮೊದಲ ತುಂಡು. ಈ ಒಂದು ಪೂರ್ತಿ ಸುತ್ತಿಗೆ ಕೋರಸ್ ಅನ್ನುತ್ತಾರೆ. ಮೊದಲ ಸುತ್ತಿನಲ್ಲಿ ಧಾಟಿ ನುಡಿಸುತ್ತಾರೆ. ಎರಡನೇ ಸುತ್ತಿನಿಂದ ಧಾಟಿ ಬಿಟ್ಟು, ಅದರ ಕೆಳಗಿದ್ದ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲುಗಳ) ಸಾಲನ್ನು ಹಾಗೇ ಇಟ್ಟುಕೊಂಡು, ಹೊಸ ಧಾಟಿಯನ್ನು ಅಲ್ಲೇ ಕಟ್ಟುತ್ತಾ ಹೋಗುತ್ತಾರೆ. ಪಿಯಾನೊ ಮತ್ತು ಬಾಸ್ ಆ ಸಾಲನ್ನು ಕಾಯುತ್ತಿರುತ್ತವೆ. ಕೊನೆಯ ಸುತ್ತಿನಲ್ಲಿ ಮತ್ತೆ ಧಾಟಿ.

ಸೋಲೊ ನಡೆಯುವಾಗ ನೀವು ಮನಸ್ಸಿನಲ್ಲೇ ಮೂಲ ಹಾಡನ್ನು ಗುನುಗುತ್ತಾ ಇರಿ. ಬ್ರಿಜ್ ಬಂದಾಗ ಡ್ರಮ್ಸ್‌ನವರು ಸಣ್ಣದೊಂದು ಸೂಚನೆ ಕೊಡುತ್ತಾರೆ, ಕಿವಿಗೆ ಸಿಗುತ್ತದೆ. ದಾರಿ ತಪ್ಪಿದರೆ ಮುಂದಿನ ಸುತ್ತಿಗೆ ಕಾಯಿರಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹಾಗಾದ್ರೆ ಇದು ನಮ್ಮ ರಾಗದ ಥರ ಅಲ್ವಾ?

ಎಲ್ಲರೂ ಹಾಗೇ ಹೇಳುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಆಲಾಪನೆಗೆ ತಾಳದ ಕಟ್ಟಿಲ್ಲ. ಸ್ಟ್ಯಾಂಡರ್ಡ್‌ನಲ್ಲಿ ಕಟ್ಟು ಬಿಟ್ಟು ಹೋಗುವ ಹಾಗೇ ಇಲ್ಲ. ಹೋಲಿಸಲೇಬೇಕು ಅಂದರೆ ನೆರವಲ್ ಹತ್ತಿರ ಬರುತ್ತದೆ. ಕೀರ್ತನೆಯ ಒಂದು ಸಾಲನ್ನು ಹಿಡಿದು, ತಾಳದ ಆವರ್ತ ತಪ್ಪದ ಹಾಗೆ, ಬೇರೆ ಬೇರೆ ರೀತಿ ಬೆಳೆಸುತ್ತಾರಲ್ಲ, ಆ ಶಿಸ್ತು ಇಲ್ಲೂ ಇದೆ. ಆದರೆ ಜಾಝ್‌ನಲ್ಲಿ ಸ್ವರಗಳ ನೆಲೆಯೇ ಪ್ರತಿ ಒಂದೆರಡು ಬಾರ್‌ಗೆ ಬದಲಾಗುತ್ತಿರುತ್ತದೆ. ಕರ್ನಾಟಕ ಸಂಗೀತದಲ್ಲಿ ಷಡ್ಜ ಅಲುಗಾಡುವುದಿಲ್ಲ. ಈ ವ್ಯತ್ಯಾಸ ಚಿಕ್ಕದಲ್ಲ.

ಕೋಲ್ಮನ್ ಹಾಕಿನ್ಸ್ ಅವರ 'ಬಾಡಿ ಅಂಡ್ ಸೋಲ್' ಬಗ್ಗೆ ಎಲ್ಲರೂ ಯಾಕೆ ಅಷ್ಟು ಹೇಳುತ್ತಾರೆ?

ಹಾಡು 1930ರದು, ಜಾನಿ ಗ್ರೀನ್ ಅವರ ರಾಗ. ಸ್ಯಾಕ್ಸೊಫೋನ್ ವಾದಕ ಹಾಕಿನ್ಸ್ ಐದು ವರ್ಷ ಯುರೋಪಿನಲ್ಲಿದ್ದು ನ್ಯೂಯಾರ್ಕಿಗೆ ಮರಳಿದ್ದರು. 1939ರ ಅಕ್ಟೋಬರ್ 11ರಂದು ಇದನ್ನು ರೆಕಾರ್ಡ್ ಮಾಡಿದರು. ಮೂರು ನಿಮಿಷದ ರೆಕಾರ್ಡು, ಎರಡು ಸುತ್ತು ಅಷ್ಟೇ. ಮೊದಲ ಕೆಲವು ಬಾರ್‌ಗಳಲ್ಲಿ ಹಾಡಿನ ಧಾಟಿಯ ನೆರಳು ಕಾಣುತ್ತದೆ. ಆಮೇಲೆ ಅವರು ಅದನ್ನು ಬಿಟ್ಟವರು ತಿರುಗಿ ಬರುವುದೇ ಇಲ್ಲ. ಕೊನೆಗೂ ಧಾಟಿ ನುಡಿಸುವುದಿಲ್ಲ.

ಆ ಕಾಲಕ್ಕೆ ಇದು ಧೈರ್ಯದ ಕೆಲಸ. ಜನಪ್ರಿಯ ಹಾಡಿನ ರೆಕಾರ್ಡಿನಲ್ಲಿ ಹಾಡೇ ಇಲ್ಲ! ಆದರೂ ಅದು ಚೆನ್ನಾಗಿ ಮಾರಾಟವಾಯಿತು. ಸ್ಯಾಕ್ಸೊಫೋನ್ ನುಡಿಸುವವರು ಆ ಸೋಲೊವನ್ನೇ ಸ್ವರ ಸ್ವರ ಬಾಯಿಪಾಠ ಮಾಡಿದರು. ಆದರೆ ಹಾಡು ಬರೆದವರಿಗೆ ಸಿಗುವ ರಾಯಲ್ಟಿ ಹಾಕಿನ್ಸ್ ಅವರಿಗಿರಲಿಲ್ಲ. ಅಲ್ಲಿ ಕೇಳಿಸುವ ಹೆಚ್ಚಿನ ಸ್ವರಗಳು ಅವರವೇ ಆದರೂ, ಕಾನೂನಿನ ಕಣ್ಣಿಗೆ ಹಾಡು ಗ್ರೀನ್ ಅವರದು.

ಹೆಸರು ಬೇರೆ, ಆದರೆ ಎಲ್ಲೋ ಕೇಳಿದ ಹಾಗಿದೆ ಅನ್ನಿಸುತ್ತದೆ. ನನ್ನ ಭ್ರಮೆಯಾ?

ಭ್ರಮೆಯಲ್ಲ. ಕಾರ್ಡ್‌ಗಳ ಸಾಲಿಗೆ ಕಾಪಿರೈಟ್ ಇಲ್ಲ, ಧಾಟಿಗೆ ಮಾತ್ರ ಇದೆ. ಹಾಗಾಗಿ 1940ರ ದಶಕದ ಬೀಬಾಪ್ (ಆಗ ಹುಟ್ಟಿದ ಹೊಸ ಜಾಝ್ ಶೈಲಿ) ಕಲಾವಿದರು ಹಳೆಯ ಹಾಡಿನ ಕಾರ್ಡ್‌ಗಳನ್ನು ಇಟ್ಟುಕೊಂಡು ಮೇಲೆ ಹೊಸ ಧಾಟಿ ಕೂರಿಸಿದರು, ಹೊಸ ಹೆಸರು ಕೊಟ್ಟರು. 'ಹೌ ಹೈ ದ ಮೂನ್' ಹಾಡಿನ ಮೇಲೆ 'ಆರ್ನಿಥಾಲಜಿ', 'ಇಂಡಿಯಾನಾ' ಮೇಲೆ 'ಡೋನಾ ಲೀ'. ಗರ್ಶ್ವಿನ್ ಅವರ 'ಐ ಗಾಟ್ ರಿದಂ' ಮೇಲಂತೂ ಲೆಕ್ಕವೇ ಇಲ್ಲ. ಎಲಿಂಗ್ಟನ್ ಅವರ 'ಕಾಟನ್ ಟೇಲ್', ಸನಿ ರಾಲಿನ್ಸ್ ಅವರ 'ಓಲಿಯೊ' ಎರಡೂ ಅದರ ಮಕ್ಕಳೇ.

ಇದರ ಒಂದು ತಮಾಷೆಯ ಸಾಕ್ಷಿ ರೆಕಾರ್ಡಿಂಗ್‌ನಲ್ಲೇ ಉಳಿದಿದೆ. 1945ರ ನವೆಂಬರ್ 26ರಂದು ಸವಾಯ್ ಕಂಪನಿಗೆ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ 'ಕೋ-ಕೋ' ರೆಕಾರ್ಡ್ ಮಾಡಿದರು. ಅದು ರೇ ನೋಬಲ್ ಅವರ 'ಚೆರೊಕಿ' ಹಾಡಿನ ಕಾರ್ಡ್‌ಗಳ ಮೇಲೆ ಕಟ್ಟಿದ್ದು. ಮೊದಲ ಟೇಕ್‌ನಲ್ಲಿ ಮುನ್ನುಡಿ ಮುಗಿಸಿ ಅವರು ನೇರ 'ಚೆರೊಕಿ' ಧಾಟಿಗೇ ಇಳಿದುಬಿಡುತ್ತಾರೆ. ತಕ್ಷಣ ಯಾರೋ ಕೂಗಿ ನಿಲ್ಲಿಸುತ್ತಾರೆ. ಆ ಧಾಟಿ ನುಡಿಸಿದರೆ ರಾಯಲ್ಟಿ ಕಟ್ಟಬೇಕಲ್ಲ! ಮುಂದಿನ ಟೇಕ್‌ನಲ್ಲಿ ಮುನ್ನುಡಿಯಿಂದ ನೇರ ಸೋಲೊಗೆ ಹಾರುತ್ತಾರೆ. ಬೀಬಾಪ್‌ನ ಅತಿ ಪ್ರಸಿದ್ಧ ರೆಕಾರ್ಡು ಹುಟ್ಟಿದ್ದು ಹೀಗೆ.

ಒಳ್ಳೆಯ ಆಲ್ಬಂಗಳೆಲ್ಲ 1950ರ ದಶಕದಲ್ಲೇ ಯಾಕೆ ಗುಂಪುಗೂಡಿವೆ?

ಅದಕ್ಕೆ ಮೊದಲು ಇವತ್ತಿನ ಅರ್ಥದ ಆಲ್ಬಂ ಇರಲಿಲ್ಲ. 78 ಆರ್‌ಪಿಎಂನ ಹತ್ತಿಂಚಿನ ತಟ್ಟೆಯಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷ ಹಿಡಿಸುತ್ತಿತ್ತು. ಕ್ಲಬ್ಬಿನಲ್ಲಿ ಹತ್ತು ನಿಮಿಷ ನುಡಿಸುತ್ತಿದ್ದವರು ಸ್ಟುಡಿಯೋಗೆ ಬಂದು ಎಲ್ಲವನ್ನೂ ಮೂರಕ್ಕೆ ಅಡಗಿಸಬೇಕಿತ್ತು.

ಇದರ ಜೊತೆಗೆ ಒಂದು ಮುಷ್ಕರ. 1942ರ ಆಗಸ್ಟ್ 1ರಿಂದ ಅಮೆರಿಕದ ವಾದ್ಯಗಾರರ ಯೂನಿಯನ್ ರೆಕಾರ್ಡಿಂಗ್ ನಿಲ್ಲಿಸಿತು. ದೊಡ್ಡ ಕಂಪನಿಗಳ ಜೊತೆ ಅದು 1944ರ ಕೊನೆಯವರೆಗೂ ಎಳೆಯಿತು. ಬೀಬಾಪ್ ರೂಪ ತಾಳುತ್ತಿದ್ದ ಹೊತ್ತು ಅದು. ಆ ಸಂಗೀತ ಹೆಚ್ಚಾಗಿ ಗಾಳಿಯಲ್ಲೇ ಹೋಯಿತು. ಗಾಯಕರು ಯೂನಿಯನ್‌ಗೆ ಸೇರಿರಲಿಲ್ಲ. ಹಾಗಾಗಿ ಫ್ರಾಂಕ್ ಸಿನಾತ್ರಾ ಥರದವರು ವಾದ್ಯಗಳ ಬದಲು ವೃಂದಗಾಯಕರನ್ನು ಹಿಂದೆ ನಿಲ್ಲಿಸಿಕೊಂಡು ಹಾಡಿದರು.

1948ರ ಜೂನ್‌ನಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಓಡುವ ತಟ್ಟೆ, ತಂದಿತು. ಆ ಹೊತ್ತಿಗೆ ಮ್ಯಾಗ್ನೆಟಿಕ್ ಟೇಪೂ ಸ್ಟುಡಿಯೋಗಳಿಗೆ ಬಂದಿತ್ತು. ಇವೆರಡೂ ಸೇರಿದಾಗ ಏನಾಗಬಹುದು ಅಂತ ಮೊದಲು ತೋರಿಸಿದವರಲ್ಲಿ ಎಲಿಂಗ್ಟನ್ ಒಬ್ಬರು. 1930ರಲ್ಲಿ ಮೂರು ನಿಮಿಷದ ಹಾಡಾಗಿದ್ದ 'ಮೂಡ್ ಇಂಡಿಗೊ'ವನ್ನು 1950ರ ಡಿಸೆಂಬರ್‌ನಲ್ಲಿ ಹದಿನೈದು ನಿಮಿಷಕ್ಕೂ ಮೀರಿ ರೆಕಾರ್ಡ್ ಮಾಡಿದರು. 'ಮಾಸ್ಟರ್‌ಪೀಸಸ್ ಬೈ ಎಲಿಂಗ್ಟನ್' ಆಲ್ಬಂನಲ್ಲಿದೆ. ಅದರ ಧ್ವನಿ ಇವತ್ತಿಗೂ ಹೊಸದಾಗಿ ಕೇಳಿಸುತ್ತದೆ.

ರೆಕಾರ್ಡಿಂಗ್ ಹೇಗೆ ನಡೆಯುತ್ತಿತ್ತು? ಒಬ್ಬೊಬ್ಬರದೇ ಬೇರೆ ಟ್ರ್ಯಾಕಾ?

ಇಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ, ಒಟ್ಟಿಗೆ. ಟೇಪಿಗೆ ಬಿದ್ದದ್ದೇ ಬಿದ್ದದ್ದು. ಹಾಗಾಗಿ ಕೋಣೆಯ ಗುಣವೇ ರೆಕಾರ್ಡಿನ ಗುಣ.

ಇದರಲ್ಲಿ ದೊಡ್ಡ ಹೆಸರು ರೂಡಿ ವ್ಯಾನ್ ಗೆಲ್ಡರ್. ವೃತ್ತಿಯಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವರು. ನ್ಯೂಜೆರ್ಸಿಯ ಹ್ಯಾಕೆನ್ಸ್ಯಾಕ್‌ನಲ್ಲಿದ್ದ ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲೇ ರೆಕಾರ್ಡಿಂಗ್ ಮಾಡುತ್ತಿದ್ದರು. ಬ್ಲೂ ನೋಟ್, ಪ್ರೆಸ್ಟೀಜ್, ಸವಾಯ್ ಕಂಪನಿಗಳ ಎಷ್ಟೋ ರೆಕಾರ್ಡುಗಳು ಆ ಹಾಲ್‌ನಿಂದ ಬಂದವು. 1959ರಲ್ಲಿ ಹತ್ತಿರದ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿಕೊಂಡರು.

ಹ್ಯಾಕೆನ್ಸ್ಯಾಕ್‌ನ ಆ ಹಾಲ್‌ನಲ್ಲಿ ನಡೆದ ಎರಡು ದಿನದ ಕತೆ ಹೇಳಲೇಬೇಕು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಕೊಲಂಬಿಯಾಕ್ಕೆ ಸಹಿ ಹಾಕಿಯಾಗಿತ್ತು. ಆದರೆ ಹಳೆಯ ಕಂಪನಿ ಪ್ರೆಸ್ಟೀಜ್‌ಗೆ ಇನ್ನೂ ಆಲ್ಬಂಗಳ ಬಾಕಿ ಇತ್ತು. 1956ರ ಮೇ 11 ಮತ್ತು ಅಕ್ಟೋಬರ್ 26, ಈ ಎರಡು ದಿನಗಳಲ್ಲಿ ಅವರ ಐವರ ತಂಡ ಹ್ಯಾಕೆನ್ಸ್ಯಾಕ್‌ಗೆ ಬಂದು, ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ಹಾಡುಗಳನ್ನೇ ಒಂದರ ಹಿಂದೊಂದು ನುಡಿಸಿತು. ಹೆಚ್ಚಿನವು ಮೊದಲ ಟೇಕ್‌ನಲ್ಲೇ ಮುಗಿದವು. ಅದರಿಂದ ನಾಲ್ಕು ಆಲ್ಬಂ ಬಂದವು: 'ಕುಕಿನ್', 'ರಿಲ್ಯಾಕ್ಸಿನ್', 'ವರ್ಕಿನ್', 'ಸ್ಟೀಮಿನ್'. ಕಂಪನಿ ಅವನ್ನು 1957ರಿಂದ 1961ರವರೆಗೆ ನಿಧಾನವಾಗಿ ಬಿಟ್ಟಿತು. ಸಾಲ ತೀರಿಸಲು ಮಾಡಿದ ಕೆಲಸ ಅನ್ನಬಹುದು. ಆದರೆ ಸ್ಟ್ಯಾಂಡರ್ಡ್‌ಗಳನ್ನು ಹೇಗೆ ನುಡಿಸಬೇಕು ಅಂತ ಕೇಳಿದರೆ ನಾನು ಮೊದಲು ತೋರಿಸುವುದು ಇವನ್ನೇ. 'ರಿಲ್ಯಾಕ್ಸಿನ್' ಶುರುವಿನಲ್ಲಿ ಮೈಲ್ಸ್ ತಮ್ಮ ಒರಟು ದನಿಯಲ್ಲಿ, ಮೊದಲು ನುಡಿಸುತ್ತೇನೆ, ಹಾಡು ಯಾವುದು ಅಂತ ಆಮೇಲೆ ಹೇಳುತ್ತೇನೆ ಅನ್ನುವುದೂ ಕೇಳಿಸುತ್ತದೆ.

ಟೇಪು ಕತ್ತರಿಸಿ ಅಂಟಿಸುತ್ತಿರಲಿಲ್ವಾ?

ಅಂಟಿಸುತ್ತಿದ್ದರು. ಮಂಕ್ ಅವರ 'ಬ್ರಿಲಿಯಂಟ್ ಕಾರ್ನರ್ಸ್' ಇದಕ್ಕೆ ಹೆಸರಾದದ್ದು. 1956ರ ಆ ಸೆಶನ್‌ನಲ್ಲಿ ಸನಿ ರಾಲಿನ್ಸ್, ಮ್ಯಾಕ್ಸ್ ರೋಚ್ ಅವರಂಥವರಿದ್ದರೂ ಶೀರ್ಷಿಕೆ ಹಾಡು ಒಮ್ಮೆಯೂ ಪೂರ್ತಿ ಮುಗಿಯಲಿಲ್ಲ, ಅಷ್ಟು ಕಷ್ಟ. 20ಕ್ಕೂ ಹೆಚ್ಚು ಟೇಕ್ ಆದವು. ಕೊನೆಗೆ ನಿರ್ಮಾಪಕ ಆರಿನ್ ಕೀಪ್‌ನ್ಯೂಸ್ ತುಂಡುಗಳನ್ನು ಜೋಡಿಸಿ ಒಂದು ಮಾಡಿದರು. ಇದರಲ್ಲಿ ಮೋಸ ಏನೂ ಇಲ್ಲ ಅಂತ ನನ್ನ ಅಭಿಪ್ರಾಯ.

'ಕೈಂಡ್ ಆಫ್ ಬ್ಲೂ' ಕೇಳಿದರೆ ಸಾಕಲ್ವಾ? ಅದರಲ್ಲಿ ಎಷ್ಟು ಸ್ಟ್ಯಾಂಡರ್ಡ್ ಇವೆ?

ಒಂದೂ ಇಲ್ಲ. 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋದಲ್ಲಿ ಮೈಲ್ಸ್ ಅವರ ಈ ಆಲ್ಬಂ ರೆಕಾರ್ಡ್ ಆಯಿತು. ಹಿಂದೆ ಚರ್ಚ್ ಆಗಿದ್ದ ಕಟ್ಟಡ, ಎತ್ತರದ ಚಾವಣಿ. ಐದು ರಚನೆಗಳೂ ತಂಡದ ಒಳಗಿನವೇ. 'ಬ್ಲೂ ಇನ್ ಗ್ರೀನ್' ಬರೆದವರು ಮೈಲ್ಸಾ, ಪಿಯಾನೊ ನುಡಿಸಿದ ಬಿಲ್ ಎವನ್ಸಾ ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಆದರೆ ಈ ಆಲ್ಬಂ ಏನು ಮಾಡಿತು ಅಂತ ತಿಳಿಯಲು ಸ್ಟ್ಯಾಂಡರ್ಡ್ ಗೊತ್ತಿರಬೇಕು. 'ಸೋ ವಾಟ್' ರಚನೆಯ ಆಕಾರ ಅದೇ ಹಳೆಯ 32 ಬಾರ್‌ನದು, ನಾಲ್ಕು ತುಂಡಿನದು. ಕಾರ್ಡ್‌ಗಳ ಓಟ ಮಾತ್ರ ಇಲ್ಲ. ಮೊದಲ 16 ಬಾರ್ ಒಂದೇ ಸ್ವರಶ್ರೇಣಿಯಲ್ಲಿ ನಿಲ್ಲುತ್ತದೆ, ಬ್ರಿಜ್ ಬಂದಾಗ ಅರ್ಧ ಸ್ವರ ಮೇಲೇರುತ್ತದೆ, ಆಮೇಲೆ ಇಳಿಯುತ್ತದೆ. ಅಷ್ಟೇ. ಮನೆ ಅದೇ, ಒಳಗಿನ ಸಾಮಾನು ಖಾಲಿ ಮಾಡಿದ್ದಾರೆ.

ಒಂದು ತಾಂತ್ರಿಕ ವಿಷಯ. ಮಾರ್ಚ್ 2ರಂದು ಒಂದು ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಹಾಗಾಗಿ ಹಳೆಯ ಎಲ್‌ಪಿಗಳ ಮೊದಲ ಬದಿ ಒಂಚೂರು ವೇಗವಾಗಿ, ಶ್ರುತಿ ಏರಿ ಕೇಳಿಸುತ್ತದೆ. ಆ ಎಲ್‌ಪಿ ಜೊತೆ ನುಡಿಸಿ ಕಲಿಯಲು ಹೊರಟವರ ವಾದ್ಯದ ಶ್ರುತಿ ಅದಕ್ಕೆ ಕೂಡುತ್ತಿರಲಿಲ್ಲ. 1990ರ ದಶಕದ ಮರುಮುದ್ರಣಗಳಲ್ಲಿ ಇದನ್ನು ಸರಿಪಡಿಸಿದರು.

'ಟೇಕ್ ಫೈವ್' ಡೇವ್ ಬ್ರೂಬೆಕ್ ಅವರದ್ದು ತಾನೇ?

ತಂಡ ಬ್ರೂಬೆಕ್ ಅವರದು, ರಚನೆ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಅವರದು. 1959ರ 'ಟೈಮ್ ಔಟ್' ಆಲ್ಬಂನಲ್ಲಿದೆ. ಐದರ ಎಣಿಕೆ. ಖಂಡ ನಡೆ ಕೇಳಿ ಬೆಳೆದ ಕಿವಿಗೆ ಇದು ಅಮೆರಿಕದವರಿಗೆ ಕೇಳಿದಷ್ಟು ವಿಚಿತ್ರವಾಗಿ ಕೇಳುವುದಿಲ್ಲ. ಡೆಸ್ಮಂಡ್ ತಮ್ಮ ರಾಯಲ್ಟಿಯನ್ನು ಉಯಿಲಿನಲ್ಲಿ ಅಮೆರಿಕದ ರೆಡ್ ಕ್ರಾಸ್‌ಗೆ ಬರೆದಿಟ್ಟರು.

ಗಾಯಕಿಯರಲ್ಲಿ ಯಾರಿಂದ ಶುರು ಮಾಡಲಿ?

ಹಾಡು ಕಲಿಯಲು ಎಲಾ ಫಿಟ್ಜ್‌ಜೆರಾಲ್ಡ್. ಹಾಡು ಮರೆಯಲು ಬಿಲ್ಲಿ ಹಾಲಿಡೇ.

ನಿರ್ಮಾಪಕ ನಾರ್ಮನ್ ಗ್ರಾಂಝ್ 1956ರಲ್ಲಿ ವರ್ವ್ ಕಂಪನಿ ಕಟ್ಟಿದ್ದೇ ಹೆಚ್ಚು ಕಮ್ಮಿ ಎಲಾಗಾಗಿ. ಕೋಲ್ ಪೋರ್ಟರ್ ಅವರಿಂದ ಶುರುವಾಗಿ, ಒಬ್ಬೊಬ್ಬ ಹಾಡು ಬರೆದವರ ಹೆಸರಿನಲ್ಲಿ ಎಂಟು 'ಸಾಂಗ್ ಬುಕ್'ಗಳನ್ನು 1964ರವರೆಗೆ ತಂದರು. 1959ರ ಗರ್ಶ್ವಿನ್ ಸೋದರರದ್ದು ಐದು ಎಲ್‌ಪಿಗಳ ಪೆಟ್ಟಿಗೆ. ಎಲಾ ಅಲ್ಲಿ ಧಾಟಿಯನ್ನು ನೇರವಾಗಿ, ಪ್ರತಿ ಪದ ಸ್ಪಷ್ಟವಾಗಿ ಹಾಡುತ್ತಾರೆ. ಜಾಝ್ ಕಡಿಮೆ ಅಂತ ಕೆಲವರ ದೂರು ಇದೆ. ದೂರಿನಲ್ಲಿ ಹುರುಳಿದೆ, ಆದರೆ ಹಾಡುಗಳ ಪರಿಚಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎಲಾ ಕಟ್ಟು ಹರಿದು ಹಾಡುವುದನ್ನು ಕೇಳಬೇಕಾದರೆ 1960ರ ಫೆಬ್ರವರಿಯ ಬರ್ಲಿನ್ ಕಛೇರಿಯ ರೆಕಾರ್ಡ್ ಹಾಕಿ. 'ಮ್ಯಾಕ್ ದ ನೈಫ್' ಮಧ್ಯದಲ್ಲಿ ಸಾಹಿತ್ಯ ಮರೆತುಹೋಗುತ್ತದೆ. ಮರೆತದ್ದನ್ನೇ ಹಾಡಿಗೆ ಸೇರಿಸಿ, ಲೂಯಿ ಆರ್ಮ್‌ಸ್ಟ್ರಾಂಗ್ ದನಿ ಅನುಕರಿಸಿ, ಕೊನೆ ಮುಟ್ಟಿಸುತ್ತಾರೆ. ಅದಕ್ಕೆ ಗ್ರ್ಯಾಮಿಯೂ ಬಂತು.

ಬಿಲ್ಲಿ ಹಾಲಿಡೇ ದಾರಿ ಬೇರೆ. 1930ರ ದಶಕದಲ್ಲಿ ಪಿಯಾನೊ ವಾದಕ ಟೆಡ್ಡಿ ವಿಲ್ಸನ್ ಜೊತೆ ಮಾಡಿದ ರೆಕಾರ್ಡುಗಳಲ್ಲಿ ಎಷ್ಟೋ ಹಾಡುಗಳು ಸಾಧಾರಣ. ಅವರು ಏರಿಳಿತವನ್ನು ತಗ್ಗಿಸಿ, ಪದವನ್ನು ತಾಳದ ಹಿಂದೆ ಎಳೆದು, ಅದನ್ನು ತಮ್ಮದೇ ಮಾಡಿಕೊಳ್ಳುತ್ತಾರೆ. ಹಿಂದೆ ಲೆಸ್ಟರ್ ಯಂಗ್ ಅವರ ಸ್ಯಾಕ್ಸೊಫೋನ್ ಇದ್ದರಂತೂ ಇಬ್ಬರು ಮಾತಾಡಿಕೊಂಡ ಹಾಗೇ. 1958ರ 'ಲೇಡಿ ಇನ್ ಸ್ಯಾಟಿನ್'ನಲ್ಲಿ ದನಿ ಒಡೆದಿದೆ. ಅದನ್ನು ಮೊದಲು ಕೇಳಬೇಡಿ.

ಇಂಗ್ಲಿಷ್ ಸಾಹಿತ್ಯ ಪೂರ್ತಿ ಅರ್ಥ ಆಗಬೇಕಾ?

ಬೇಕಿಲ್ಲ. ಮೊದಲ ಸಾಲು ಮತ್ತು ಹಾಡಿನ ಭಾವ ಗೊತ್ತಿದ್ದರೆ ಸಾಕು.

ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 'ಮೈ ಫೇವರಿಟ್ ಥಿಂಗ್ಸ್' ಥರದ ಮಕ್ಕಳ ಹಾಡನ್ನು ಯಾಕೆ ಆರಿಸಿದರು?

1960ರ ಅಕ್ಟೋಬರ್‌ನಲ್ಲಿ ಅವರು ಇದನ್ನು ರೆಕಾರ್ಡ್ ಮಾಡಿದಾಗ 'ದ ಸೌಂಡ್ ಆಫ್ ಮ್ಯೂಸಿಕ್' ಸಿನಿಮಾ ಇನ್ನೂ ಬಂದಿರಲಿಲ್ಲ, ಅದು 1965ರದು. ಆಗ ಇದು ವರ್ಷದ ಹಿಂದೆ ತೆರೆ ಕಂಡ ಬ್ರಾಡ್‌ವೇ ನಾಟಕದ ಹೊಸ ಹಾಡು, ಅಷ್ಟೇ.

ಆರಿಸಿದ ಹಾಡಿಗಿಂತ ಮಾಡಿದ ಕೆಲಸ ನೋಡಿ. ಕಾರ್ಡ್‌ಗಳ ಸಾಲನ್ನು ಸುತ್ತುವ ಬದಲು ಎರಡೇ ಕಾರ್ಡ್‌ಗಳನ್ನು ತೂಗುವಂತೆ ಇಟ್ಟು, ಅದರ ಮೇಲೆ ಬೇಕಾದಷ್ಟು ಹೊತ್ತು ನಿಲ್ಲುತ್ತಾರೆ. ಒಮ್ಮೆ ಮೈನರ್, ಒಮ್ಮೆ ಮೇಜರ್. ನಡುನಡುವೆ ಧಾಟಿಯ ತುಂಡು ಬಂದು ಹೋಗುತ್ತದೆ. ಕೈಯಲ್ಲಿ ಸೊಪ್ರಾನೊ ಸ್ಯಾಕ್ಸೊಫೋನ್, ಶಹನಾಯಿಗೆ ಹತ್ತಿರದ ಮೊನಚು ದನಿ. ಆ ವರ್ಷಗಳಲ್ಲಿ ಕೋಲ್ಟ್ರೇನ್ ಭಾರತದ ಸಂಗೀತವನ್ನು ಆಸೆಯಿಂದ ಕೇಳುತ್ತಿದ್ದರು. ಮುಂದೆ ಮಗನಿಗೆ ರವಿಶಂಕರ್ ಮೇಲಿನ ಗೌರವಕ್ಕೆ ರವಿ ಅಂತ ಹೆಸರಿಟ್ಟರು. ಹದಿಮೂರು ನಿಮಿಷದ ಈ ಟ್ರ್ಯಾಕ್ ಹೆಚ್ಚು ಅನ್ನಿಸಿದರೆ, 1966ರಲ್ಲಿ ಜಪಾನಿನಲ್ಲಿ ನುಡಿಸಿದ್ದು ಒಂದು ಗಂಟೆಯ ಹತ್ತಿರ ಇದೆ!

ಸ್ಟುಡಿಯೋ ಆಲ್ಬಂ ಒಳ್ಳೆಯದಾ, ಲೈವ್ ಆಲ್ಬಂ ಒಳ್ಳೆಯದಾ?

ಇದಕ್ಕೆ ಉತ್ತರ ಇಲ್ಲ. ಲೈವ್‌ನಲ್ಲಿ ಒಂದು ಕೇಳಬೇಕು ಅಂದರೆ ಬಿಲ್ ಎವನ್ಸ್ ತ್ರಯದ 1961ರ ಜೂನ್ 25ರ ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್, ನೆಲಮಾಳಿಗೆಯ ಸಣ್ಣ ಕ್ಲಬ್. ಮಧ್ಯಾಹ್ನ, ಸಂಜೆ ಸೇರಿ ಐದು ಸೆಟ್. ಗ್ಲಾಸು ತಾಗುವ ಸದ್ದು, ಜನರ ಹರಟೆ ಎಲ್ಲ ಕೇಳಿಸುತ್ತದೆ. ಬಾಸ್ ನುಡಿಸುವ ಸ್ಕಾಟ್ ಲಫಾರೊ ಪಕ್ಕವಾದ್ಯದವರ ಹಾಗೆ ಹಿಂದೆ ನಿಲ್ಲದೆ ಪಿಯಾನೊ ಜೊತೆ ಸರಿಸಮ ಮಾತಾಡುತ್ತಾರೆ. ಹನ್ನೊಂದು ದಿನದ ನಂತರ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು, 25 ವರ್ಷ. ಆ ದಿನದ ಸಂಗೀತ 'ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್', 'ವಾಲ್ಟ್ಜ್ ಫಾರ್ ಡೆಬಿ' ಎಂಬ ಎರಡು ಆಲ್ಬಂಗಳಲ್ಲಿದೆ.

ಒಂದೇ ಆಲ್ಬಂ ಹತ್ತಾರು ಕಂಪನಿಗಳ ಹೆಸರಲ್ಲಿ ಸಿಗುತ್ತದೆ. ಯಾವುದು ಅಸಲಿ?

ಯುರೋಪಿನಲ್ಲಿ 1962 ಮತ್ತು ಅದಕ್ಕೆ ಮುಂಚೆ ಬಂದ ರೆಕಾರ್ಡಿಂಗ್‌ಗಳ ಹಕ್ಕಿನ ಅವಧಿ ಮುಗಿದಿದೆ. ಹಾಗಾಗಿ ಯಾರು ಬೇಕಾದರೂ ಅಚ್ಚು ಹಾಕುತ್ತಾರೆ. ಎರಡು ಆಲ್ಬಂ ಒಂದೇ ಸಿಡಿಯಲ್ಲಿ, ಹೊಸ ಮುಖಪುಟದಲ್ಲಿ ಬರುವುದು ಹೆಚ್ಚಾಗಿ ಇಂಥವೇ. ಧ್ವನಿಯ ಗುಣಮಟ್ಟ ಅದೃಷ್ಟಕ್ಕೆ ಬಿಟ್ಟದ್ದು. ಮೂಲ ಕಂಪನಿಯ ಹೆಸರು, ಅಂದರೆ ಬ್ಲೂ ನೋಟ್, ವರ್ವ್, ಕೊಲಂಬಿಯಾ, ಪ್ರೆಸ್ಟೀಜ್, ರಿವರ್‌ಸೈಡ್, ಇದ್ದದ್ದನ್ನೇ ಆರಿಸಿಕೊಳ್ಳಿ. 'ಆಲ್ಟರ್ನೇಟ್ ಟೇಕ್' ಅಂತ ಇದ್ದರೆ ಮೊದಲ ಸಲ ಬಿಟ್ಟು ಮುಂದೆ ಹೋಗಿ. ಆಲ್ಬಂ ಪರಿಚಯವಾದ ಮೇಲೆ ಕೇಳಿದರೆ ಅದಕ್ಕೆ ಬೆಲೆ.

ಕರ್ನಾಟಕಕ್ಕೂ ಜಾಝ್‌ಗೂ ಏನಾದರೂ ನಂಟಿದೆಯಾ?

ಇದೆ. ಸ್ಟ್ಯಾಂಡರ್ಡ್‌ಗಳ ಮೂಲಕ ಅಲ್ಲ, ಬೇರೆ ಬಾಗಿಲಿಂದ. ಚಾರ್ಲ್ಸ್ ಮಿಂಗಸ್ ಅವರ 1963ರ ಪ್ರಸಿದ್ಧ ಆಲ್ಬಂನಲ್ಲಿ ನುಡಿಸಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಾದಸ್ವರವನ್ನೂ ಕಲಿತವರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಮತ್ತು ಗಾಯಕಿ ಆರ್. ಎ. ರಮಾಮಣಿ ಜೊತೆ ಅವರು ಮಾಡಿದ 'ಜ್ಯೋತಿ' 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಬಂತು. ಕದ್ರಿ ಗೋಪಾಲನಾಥ್ ಮತ್ತು ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಂತಪ್ಪ, ಇಬ್ಬರೂ ಆಲ್ಟೊ ಸ್ಯಾಕ್ಸೊಫೋನ್‌ನವರು, ಸೇರಿ ನುಡಿಸಿದ 'ಕಿನ್ಸ್‌ಮೆನ್' 2008ರದು. ಮಹಂತಪ್ಪ ಆಮೇಲೆ 'ಬರ್ಡ್ ಕಾಲ್ಸ್' ಆಲ್ಬಂನಲ್ಲಿ ಚಾರ್ಲಿ ಪಾರ್ಕರ್ ರಚನೆಗಳನ್ನು ಬಿಚ್ಚಿ ಹೊಸದು ಕಟ್ಟಿದರು. ಪಾರ್ಕರ್ ಬೇರೆಯವರ ಹಾಡಿಗೆ ಮಾಡಿದ್ದನ್ನೇ ಇವರು ಪಾರ್ಕರ್‌ಗೆ ಮಾಡಿದ್ದಾರೆ.

ಸರಿ, ಒಂದು ಹಾಡಿನ ಬೆನ್ನು ಹತ್ತಿ ಅಂದ್ರಲ್ಲ. ಯಾವ ಹಾಡು, ಯಾವ ಕ್ರಮ?

'ಮೈ ಫನ್ನಿ ವ್ಯಾಲೆಂಟೈನ್' ಹಿಡಿಯಿರಿ. ರಾಜರ್ಸ್ ಮತ್ತು ಹಾರ್ಟ್ 1937ರ ನಾಟಕಕ್ಕೆ ಬರೆದದ್ದು. ವ್ಯಾಲೆಂಟೈನ್ ಅನ್ನುವುದು ನಾಟಕದ ಒಬ್ಬ ಹುಡುಗನ ಹೆಸರು. ಹುಡುಗಿ ಅವನ ರೂಪವನ್ನು ಗೇಲಿ ಮಾಡುತ್ತಾಳೆ, ಆದರೂ ಹೀಗೇ ಇರು ಅನ್ನುತ್ತಾಳೆ. ಸಾಹಿತ್ಯದಲ್ಲಿ ತುಂಟತನ, ರಾಗದಲ್ಲಿ ಬೇಸರ. ಈ ಎಳೆದಾಟವೇ ಕಲಾವಿದರಿಗೆ ಸಿಕ್ಕ ಬಂಡವಾಳ.

ಮೊದಲು ಎಲಾ ಅವರ 1956ರ ರಾಜರ್ಸ್ ಮತ್ತು ಹಾರ್ಟ್ ಸಾಂಗ್ ಬುಕ್. ಧಾಟಿ ಬಾಯಿಗೆ ಬರುವವರೆಗೆ ಕೇಳಿ. ಆಮೇಲೆ 1954ರ 'ಚೆಟ್ ಬೇಕರ್ ಸಿಂಗ್ಸ್'. ಟ್ರಂಪೆಟ್ ವಾದಕ ಚೆಟ್ ಬೇಕರ್ ಇಲ್ಲಿ ದನಿಗೆ ಯಾವ ಅಲಂಕಾರವೂ ಇಲ್ಲದೆ ಹಾಡುತ್ತಾರೆ. ಅಳು ಇಲ್ಲ, ತುಂಟತನವೂ ಇಲ್ಲ. ಇದು ಅದೇ ಹಾಡಾ ಅನ್ನಿಸಬಹುದು.

ಮೂರನೆಯದು ಮೈಲ್ಸ್ ಅವರ 'ಕುಕಿನ್'. ಆ 1956ರ ಅಕ್ಟೋಬರ್ ದಿನದ್ದು. ಆ ಐವರ ತಂಡದಲ್ಲಿದ್ದ ಕೋಲ್ಟ್ರೇನ್ ಈ ಹಾಡಿನಲ್ಲಿ ನುಡಿಸುವುದಿಲ್ಲ, ನಾಲ್ವರೇ. ಮ್ಯೂಟ್ (ದನಿ ತಗ್ಗಿಸುವ ಮುಚ್ಚಳ) ಹಾಕಿದ ಟ್ರಂಪೆಟ್ ಧಾಟಿಯ ಹತ್ತಿರವೇ ಸುಳಿಯುತ್ತದೆ.

ನಾಲ್ಕನೆಯದು ಮತ್ತೆ ಮೈಲ್ಸೇ, ಏಳು ವರ್ಷ ಕಳೆದ ಮೇಲೆ. 1964ರ ಫೆಬ್ರವರಿ 12, ನ್ಯೂಯಾರ್ಕಿನ ಫಿಲ್‌ಹಾರ್ಮೊನಿಕ್ ಹಾಲ್. ಮಿಸಿಸಿಪ್ಪಿ ಮತ್ತು ಲೂಸಿಯಾನಾದ ಕಪ್ಪು ಜನರ ಮತದಾರರ ನೋಂದಣಿಗೆ ಹಣ ಸೇರಿಸಲು ನಡೆದ ಕಛೇರಿ. ಪಿಯಾನೊದಲ್ಲಿ ಹರ್ಬಿ ಹ್ಯಾನ್‌ಕಾಕ್, ಬಾಸ್‌ನಲ್ಲಿ ರಾನ್ ಕಾರ್ಟರ್, ಡ್ರಮ್ಸ್‌ನಲ್ಲಿ 18ರ ಹುಡುಗ ಟೋನಿ ವಿಲಿಯಮ್ಸ್. ಇಲ್ಲಿ ಧಾಟಿ ಎರಡು ಸಾಲು ಕಾಣಿಸಿ ಮಾಯವಾಗುತ್ತದೆ. ವೇಗ ಇದ್ದಕ್ಕಿದ್ದ ಹಾಗೆ ಇಮ್ಮಡಿಯಾದಂತೆ ಕೇಳಿಸುತ್ತದೆ, ಮತ್ತೆ ನಿಲ್ಲುತ್ತದೆ. ಎಲಾ ಅವರನ್ನು ಕೇಳದೆ ನೇರ ಇಲ್ಲಿಗೆ ಬಂದಿದ್ದರೆ ಏನೂ ಹಿಡಿಯುತ್ತಿರಲಿಲ್ಲ. ಈಗ ಪ್ರತಿ ತಿರುವೂ ಗೊತ್ತಾಗುತ್ತದೆ, ನೋಡಿ.

ಕೊನೆಗೆ 1962ರ 'ಅಂಡರ್‌ಕರೆಂಟ್'. ಬಿಲ್ ಎವನ್ಸ್ ಪಿಯಾನೊ, ಜಿಮ್ ಹಾಲ್ ಗಿಟಾರ್, ಇಬ್ಬರೇ. ಎಲ್ಲರೂ ನಿಧಾನವಾಗಿ ನುಡಿಸುವ ಈ ಹಾಡನ್ನು ಇವರು ಓಡಿಸುತ್ತಾರೆ. ಬಾಸ್ ಇಲ್ಲ, ಡ್ರಮ್ಸ್ ಇಲ್ಲ, ಆದರೂ ತಾಳ ಎಲ್ಲೂ ಸಡಿಲವಾಗುವುದಿಲ್ಲ. ಒಂದು ಕಡೆ ಎವನ್ಸ್ ಸೋಲೊ ನುಡಿಸುವಾಗ ಜಿಮ್ ಹಾಲ್ ಬರೀ ಕಾರ್ಡ್‌ಗಳನ್ನು ನಾಲ್ಕರ ಎಣಿಕೆಗೆ ಮೀಟುತ್ತಾ ಹೋಗುತ್ತಾರೆ. ಎರಡನೇ ಸಲ ಹಾಕಿದಾಗ ಪಿಯಾನೊ ಬಿಟ್ಟು ಆ ಗಿಟಾರನ್ನೇ ಹಿಂಬಾಲಿಸಿ.